ಲಂಗರಿಗಿಂತ ಪಂಚಾಂಗ ದೊಡ್ಡದು

ದೋಣಿಯನ್ನೇ ಮನೆ ಮಾಡಿಕೊಂಡು ವರ್ಷಗಟ್ಟಲೆ ನೀರಿನ ಮೇಲೆ ಬಾಳುವ ಜನರು ಜಗತ್ತಿನಲ್ಲಿ ಸಾವಿರಾರು ಮಂದಿ ಇದ್ದಾರೆ. ಇವರೆಲ್ಲರೂ ಕೋಟ್ಯಾಧೀಶರೆಂದು ಭಾವಿಸುವುದು ಸರಿಯಲ್ಲ. ನಿವೃತ್ತರಾದ ಉಪಾಧ್ಯಾಯರು, ಯಂತ್ರಗಳ ಕೆಲಸ ಬಲ್ಲವರು, ಊರಿನ ಮನೆ ಮಾರಿ ಹೊರಟ ದಂಪತಿಗಳು, ಮಕ್ಕಳಿಗೆ ದೋಣಿಯಲ್ಲಿಯೇ ಪಾಠ ಹೇಳಿಕೊಡುವ ತಾಯಿತಂದೆಗಳು, ಹೀಗೆ ನಾನಾ ಬಗೆಯವರು ಇವರಲ್ಲಿ ಉಂಟು. ಹತ್ತು ಹನ್ನೆರಡು ಮೀಟರ್ ಉದ್ದದ ಒಂದು ಹಾಯಿದೋಣಿ; ಅದರೊಳಗೆ ಮಲಗಲು ಎರಡು ಹಲಗೆ, ಒಂದು ಒಲೆ, ನೀರಿನ ತೊಟ್ಟಿ, ಪುಸ್ತಕದ ಗೂಡು. ಉಷ್ಣವಲಯದ ಕಡಲು ಇವರನ್ನು ಸೆಳೆಯುವುದಕ್ಕೆ ಕಾರಣ ಹೇಳಬೇಕಾದುದಿಲ್ಲ. ಅಲ್ಲಿ ಚಳಿಯಿಲ್ಲ, ಹಣ್ಣು ಮೀನು ಅಗ್ಗ, ಗಾಳಿಗೆ ಬೆಲೆಯಿಲ್ಲ.

ಆದರೆ ಇವರು ನಾವು ಊಹಿಸುವಂತೆ ಸದಾ ಹಾಯಿ ಬಿಚ್ಚಿ ಓಡುತ್ತಿರುವವರಲ್ಲ. ವರ್ಷದ ಬಹುಭಾಗವನ್ನು ಅವರು ಯಾವುದಾದರೊಂದು ಕೊಲ್ಲಿಯಲ್ಲಿ ಲಂಗರು ಇಳಿಸಿ ನಿಂತೇ ಕಳೆಯುತ್ತಾರೆ. ಆದುದರಿಂದ ‘ಹೇಗೆ ಓಡುವುದು’ ಎಂಬುದಕ್ಕಿಂತ ‘ಎಲ್ಲಿ ನಿಲ್ಲುವುದು’ ಎಂಬುದೇ ಅವರ ಬಾಳಿನ ದೊಡ್ಡ ಪ್ರಶ್ನೆ. ಆ ಪ್ರಶ್ನೆಯ ವಿಷಯದಲ್ಲಿ ನನಗೊಂದು ಅಭಿಪ್ರಾಯವುಂಟು. ಅದನ್ನು ಸಹಪಾಠಿ ಮಿತ್ರರ ಮತ್ತು ಗುರುಗಳ ಮುಂದಿಡುವುದಕ್ಕಾಗಿ ಈ ಲೇಖನ.

ನಾನು ಸಮುದ್ರ ಸುತ್ತಿದವನಲ್ಲ. ಅಳಿವೆಯ ದಡದ ಒಂದು ಹಳ್ಳಿಯಲ್ಲಿ ಹುಟ್ಟಿ, ದೋಣಿಗಳನ್ನು ಏರಿಸುವುದನ್ನೂ ಇಳಿಸುವುದನ್ನೂ ನೋಡುತ್ತ ಬೆಳೆದವನು. ಭೂಗೋಳದ ತರಗತಿಯಲ್ಲಿ ಕಲಿತದ್ದು, ಪುಸ್ತಕಗಳಲ್ಲಿ ಓದಿದ್ದು, ಮನೆಯ ಹಿರಿಯರ ಬಾಯಿಂದ ಕೇಳಿದ್ದು, ಈ ಮೂರೇ ನನ್ನ ಬಂಡವಾಳ. ಈ ಮೂರೂ ಒಂದೇ ಮಾತನ್ನು ಹೇಳುತ್ತಿರುವುದನ್ನು ಕಂಡು ಬರೆಯುವ ಧೈರ್ಯ ಬಂದಿತು.

ರೇವನ್ನು ಆರಿಸುವವರು ಸಾಮಾನ್ಯವಾಗಿ ಮೊದಲು ನೋಡುವುದು ಅದರ ಚೆಲುವನ್ನು. ಅನಂತರ ಅದರ ಹೆಸರನ್ನು. ‘ಆ ಕೊಲ್ಲಿ ಸುತ್ತಲೂ ಗುಡ್ಡಗಳಿಂದ ಆವೃತವಾಗಿದೆ, ಬಿರುಗಾಳಿಯಲ್ಲಿ ಎಲ್ಲರೂ ಅಲ್ಲಿಗೇ ಓಡುತ್ತಾರೆ, ಅದಕ್ಕಿಂತ ಸುರಕ್ಷಿತ ತಾಣವಿಲ್ಲ’ ಎಂಬ ಮಾತು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಇಂಥ ತಾಣಗಳಿಗೆ ನಾವಿಕರು ‘ಬಿರುಗಾಳಿಯ ಬಿಲ’ ಎಂಬ ಅರ್ಥದ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಇಲಿ ಬಿಲ ಸೇರಿದಂತೆ ದೋಣಿ ಅಲ್ಲಿ ಸೇರಿಕೊಂಡರೆ ಭಯವಿಲ್ಲವೆಂಬುದು ನಂಬಿಕೆ. ಈ ನಂಬಿಕೆಯೇ ಅಪಾಯಕಾರಿ ಎಂಬುದು ನನ್ನ ವಾದ. ಬಹುಕಾಲ ನಿಲ್ಲುವ ನೆಲೆಯನ್ನು ಆರಿಸುವವನು ಮೊದಲು ತಿಂಗಳನ್ನೂ ಅಕ್ಷಾಂಶವನ್ನೂ ನೋಡಬೇಕು, ಎರಡನೆಯದಾಗಿ ನೀರಿನ ಕೆಳಗಿನ ನೆಲವನ್ನು, ಮೂರನೆಯದಾಗಿ ನೆರೆಯವರನ್ನು, ನಾಲ್ಕನೆಯದಾಗಿ ದಡವನ್ನು. ಚೆಲುವು ಕೊನೆಗೆ. ಈ ಕ್ರಮ ತಲೆಕೆಳಗಾದರೆ ಎಷ್ಟೇ ಭಾರವಾದ ಲಂಗರೂ ಕೈಹಿಡಿಯದು.

ಮೊದಲನೆಯದನ್ನು ನೋಡೋಣ. ಚಂಡಮಾರುತಗಳು ಉಷ್ಣವಲಯದ ಎಲ್ಲ ಕಡೆಯಲ್ಲಿಯೂ ಎಲ್ಲ ಕಾಲದಲ್ಲಿಯೂ ಏಳುವುದಿಲ್ಲ. ಭೂಮಿಯ ಭ್ರಮಣದಿಂದ ಗಾಳಿಗೆ ಒದಗುವ ತಿರುವು ಸಮಭಾಜಕ ವೃತ್ತದ ಬಳಿ ಇಲ್ಲವೆನ್ನುವಷ್ಟು ಕಡಿಮೆ. ಆ ತಿರುವು ಇಲ್ಲದೆ ಮಾರುತವು ಚಕ್ರವಾಗಿ ಸುತ್ತಿಕೊಳ್ಳಲಾರದು. ಆದುದರಿಂದ ಸಮಭಾಜಕದ ಎರಡು ಪಕ್ಕಗಳಲ್ಲಿಯೂ ಸುಮಾರು ೫ ಡಿಗ್ರಿಗಳೊಳಗೆ ಚಂಡಮಾರುತ ಬಹು ಅಪರೂಪ. ಅದರಾಚೆಗೆ ಕಾಲದ ಲೆಕ್ಕ ಬರುತ್ತದೆ. ಉತ್ತರ ಅಟ್ಲಾಂಟಿಕ್ ಮತ್ತು ಕೆರಿಬಿಯನ್ ಸಮುದ್ರಗಳಲ್ಲಿ ಜೂನಿನಿಂದ ನವೆಂಬರಿನವರೆಗೆ. ದಕ್ಷಿಣ ಪೆಸಿಫಿಕ್ ಮತ್ತು ದಕ್ಷಿಣ ಹಿಂದೂ ಮಹಾಸಾಗರಗಳಲ್ಲಿ ನವೆಂಬರಿನಿಂದ ಏಪ್ರಿಲಿನವರೆಗೆ. ನಮ್ಮ ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಗಳಲ್ಲಿ ಮುಖ್ಯವಾಗಿ ಮಳೆಗಾಲದ ಹಿಂದೆ ಮುಂದೆ, ಅಂದರೆ ಮೇ ತಿಂಗಳ ಆಸುಪಾಸಿನಲ್ಲಿ ಮತ್ತು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಇದಿಷ್ಟು ತಿಳಿದವನು ಋತು ಬದಲಾಗುವ ಮುನ್ನ ನೆಲೆ ಬದಲಾಯಿಸುತ್ತಾನೆ. ತಿಳಿಯದವನು, ಅಥವಾ ತಿಳಿದೂ ಸೋಮಾರಿಯಾದವನು, ಇದ್ದಲ್ಲೇ ಇದ್ದು ಇನ್ನೊಂದು ಲಂಗರು ಕೊಳ್ಳುತ್ತಾನೆ.

ಇನ್ನೊಂದು ಲಂಗರಿನಿಂದ ಏಕೆ ಪ್ರಯೋಜನವಿಲ್ಲ ಎಂಬುದಕ್ಕೆ ಸಣ್ಣ ಲೆಕ್ಕವೊಂದಿದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಗಂಟೆಗೆ ೪೦ ಕಿಲೋಮೀಟರ್ ಗಾಳಿ ಬೀಸಿದರೆ ರೇವಿನಲ್ಲಿ ನಿಂತ ದೋಣಿಯವನು ಒಮ್ಮೆ ಎದ್ದು ಹಗ್ಗ ನೋಡಿ ಮತ್ತೆ ಮಲಗುತ್ತಾನೆ. ಗಂಟೆಗೆ ೨೪೦ ಕಿಲೋಮೀಟರ್ ಬೀಸಿದರೆ ವೇಗ ಆರರಷ್ಟಾದರೂ ಎಳೆತ ಮೂವತ್ತಾರರಷ್ಟು. ಒಂದಕ್ಕೆ ಎರಡು ಲಂಗರಾದರೆ ಈ ಮೂವತ್ತಾರರ ಮುಂದೆ ಏನಾದೀತು? ಒಂದು ಮಿತಿಯ ಆಚೆಗೆ ಲಂಗರಿನ ವಿದ್ಯೆ ಮುಗಿಯುತ್ತದೆ. ಉಳಿಯುವುದು ಅಲ್ಲಿ ಇರದಿರುವ ವಿದ್ಯೆಯೊಂದೇ.

ಕೆರಿಬಿಯನ್ ಸಮುದ್ರದ ಇತಿಹಾಸ ಇದಕ್ಕೆ ಸಾಕ್ಷಿ. ಅಲ್ಲಿಯ ಗ್ರೆನೇಡಾ ದ್ವೀಪ ಸುಮಾರು ೧೨ ಡಿಗ್ರಿ ಉತ್ತರದಲ್ಲಿದೆ. ಅದು ಚಂಡಮಾರುತದ ಹಾದಿಯಿಂದ ಕೆಳಗಿದೆಯೆಂದು ನಂಬಿ ದೋಣಿವಾಸಿಗಳು ಬಹುಕಾಲ ಮಳೆಗಾಲವನ್ನು ಅಲ್ಲಿ ಕಳೆಯುತ್ತಿದ್ದರು. ೧೯೫೫ರಲ್ಲಿ ಜ್ಯಾನೆಟ್ ಎಂಬ ಚಂಡಮಾರುತ ಆ ದ್ವೀಪವನ್ನು ಹಾಳುಗೆಡವಿದ್ದನ್ನು ದ್ವೀಪದ ಮುದುಕರು ಬಲ್ಲರು; ಆದರೆ ಹೊರಗಿನಿಂದ ಬಂದವರು ಮುದುಕರನ್ನು ಕೇಳುವುದು ಕಡಿಮೆ. ೨೦೦೪ರ ಸೆಪ್ಟೆಂಬರ್ ೭ರಂದು ಐವನ್ ಬಂದು ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಿಗೆ ಹಾನಿ ಮಾಡಿತು. ರೇವುಗಳಲ್ಲಿ ಆಶ್ರಯ ಪಡೆದಿದ್ದ ದೋಣಿಗಳು ಒಂದರ ಮೇಲೊಂದು ಬಿದ್ದವು. ಮರುವರ್ಷ ಜುಲೈ ತಿಂಗಳಲ್ಲಿಯೇ ಎಮಿಲಿ ಬಂದಿತು. ಐವತ್ತು ವರ್ಷ ಬಾರದಿದ್ದದ್ದು ಹತ್ತು ತಿಂಗಳಲ್ಲಿ ಎರಡು ಸಲ ಬಂದಿತೆಂದರೆ, ‘ಇಲ್ಲಿ ಬರುವುದಿಲ್ಲ’ ಎಂಬ ಮಾತಿಗೂ ‘ಇಲ್ಲಿ ಇತ್ತೀಚೆಗೆ ಬಂದಿಲ್ಲ’ ಎಂಬ ಮಾತಿಗೂ ಇರುವ ಅಂತರ ಎಷ್ಟೆಂಬುದನ್ನು ಓದುಗರೇ ಊಹಿಸಬಹುದು.

ಇನ್ನು ‘ಬಿಲ’ಗಳ ಕಥೆ. ಪೋರ್ಟೊ ರಿಕೋ ಬಳಿಯ ಕುಲೇಬ್ರಾ ದ್ವೀಪದಲ್ಲಿ ಎನ್ಸೆನಾಡಾ ಹೊಂಡಾ ಎಂಬ ಆಳವಾದ, ಗುಡ್ಡಗಳು ಸುತ್ತುವರಿದ ಕೊಲ್ಲಿಯುಂಟು. ಆ ಪ್ರಾಂತ್ಯದ ಅತ್ಯುತ್ತಮ ಆಶ್ರಯವೆಂದು ಅದು ಹೆಸರಾಗಿತ್ತು. ೧೯೮೯ರ ಸೆಪ್ಟೆಂಬರಿನಲ್ಲಿ ಹ್ಯೂಗೋ ಚಂಡಮಾರುತ ಬರುವ ಸುದ್ದಿ ತಿಳಿದೊಡನೆ ನೂರಾರು ದೋಣಿಗಳು ಅಲ್ಲಿಗೆ ಓಡಿಬಂದವು. ಗಾಳಿ ನಿಂತ ಮೇಲೆ ನೋಡಿದರೆ ಅವುಗಳಲ್ಲಿ ಬಹುಪಾಲು ದಡದ ಮೇಲೆ ರಾಶಿ ಬಿದ್ದಿದ್ದವು. ೨೦೧೭ರ ಸೆಪ್ಟೆಂಬರ್ ೬ರಂದು ಇರ್ಮಾ ಬಂದಾಗ ಟೊರ್ಟೋಲಾ ದ್ವೀಪದ ಪ್ಯಾರಕೀಟಾ ಕೊಲ್ಲಿಯಲ್ಲಿ ಬಾಡಿಗೆಗೆ ಕೊಡುವ ನೂರಾರು ದೋಣಿಗಳನ್ನು ಸಾಲಾಗಿ ಬಿಗಿದು ಕಟ್ಟಲಾಗಿತ್ತು. ಅಲ್ಲಿಯೂ ಅದೇ ಗತಿ. ೨೦೨೪ರ ಜುಲೈ ೧ರಂದು ಬೆರಿಲ್ ಚಂಡಮಾರುತ ಗ್ರೆನೇಡಾಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪವನ್ನು ಗಂಟೆಗೆ ಸುಮಾರು ೨೪೦ ಕಿಲೋಮೀಟರ್ ವೇಗದಲ್ಲಿ ಹೊಡೆಯಿತು. ಅಲ್ಲಿಯ ಟಿರೆಲ್ ಕೊಲ್ಲಿಯ ಕಾಂಡ್ಲಾ ಕಾಡು ಬಹುಕಾಲದಿಂದ ನಾವಿಕರ ಆಶ್ರಯ. ಮರದ ಬೇರುಗಳಿಗೆ ಜೇಡನ ಬಲೆಯಂತೆ ಹಗ್ಗ ಕಟ್ಟಿದ್ದ ದೋಣಿಗಳೂ ಉಳಿಯಲಿಲ್ಲ. ಕಾಡಿನ ಮರಗಳೇ ಎಲೆಯುದುರಿ ಬೋಳಾದವು.

ಈ ತಾಣಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಸಾಧಾರಣ ಬಿರುಗಾಳಿಗೆ ಅವು ನಿಜವಾಗಿಯೂ ಒಳ್ಳೆಯವು. ಅವುಗಳ ಹೆಸರೇ ಅವುಗಳನ್ನು ಕೆಡಿಸಿತು. ಹತ್ತು ದೋಣಿ ನಿಲ್ಲುವ ಕಡೆ ನೂರು ದೋಣಿ ನಿಂತರೆ ನಮ್ಮ ಲಂಗರು ಗಟ್ಟಿಯಾಗಿದ್ದು ಫಲವೇನು? ಗಾಳಿಯ ಕಡೆಯ ನೆರೆಯವನ ಲಂಗರು ಕಿತ್ತುಬಂದರೆ ಅವನ ದೋಣಿ ನಮ್ಮ ಸರಪಳಿಯ ಮೇಲೆ ಬೀಳುತ್ತದೆ. ಎರಡೂ ಸೇರಿ ಮೂರನೆಯದರ ಮೇಲೆ. ಅದರಲ್ಲಿಯೂ ಯಜಮಾನನಿಲ್ಲದ ದೋಣಿ ಇನ್ನೂ ಅಪಾಯ. ಹಾಯಿ ಬಿಚ್ಚಿಡದೆ, ಹಗ್ಗ ನೋಡುವವರಿಲ್ಲದೆ, ಎಂದೋ ಇಳಿಸಿದ ತುಕ್ಕು ಸರಪಳಿಯ ಮೇಲೆ ತೇಲುತ್ತಿರುವ ದೋಣಿ ಇಡೀ ರೇವಿಗೇ ಕೊಡಲಿ. ಆದುದರಿಂದ ಬಹುಕಾಲದ ನೆಲೆಯನ್ನು ಹುಡುಕುವವನು ರೇವಿಗೆ ಬಂದೊಡನೆ ಗುಡ್ಡಗಳನ್ನು ಎಣಿಸುವುದಕ್ಕಿಂತ ನೆರೆಯ ದೋಣಿಗಳನ್ನು ಎಣಿಸಬೇಕು. ಎಷ್ಟು ದೋಣಿಗಳಲ್ಲಿ ರಾತ್ರಿ ದೀಪ ಉರಿಯುತ್ತದೆ, ಎಷ್ಟು ಕತ್ತಲೆಯಲ್ಲಿವೆ ಎಂಬುದನ್ನು ನೋಡಬೇಕು. ಹೆಸರಾದ ಕೊಲ್ಲಿಗಿಂತ ಹೆಸರಿಲ್ಲದ ಖಾರಿ ಎಷ್ಟೋ ಮೇಲು.

ಹಾಗಾದರೆ ಸಮಭಾಜಕದ ಹತ್ತಿರ ಹೋದವನು ನಿಶ್ಚಿಂತನೇ? ಅಲ್ಲ. ಪಂಚಾಂಗ ಅಪಾಯವನ್ನು ಕಡಿಮೆ ಮಾಡುತ್ತದೆಯೇ ಹೊರತು ಭರವಸೆಯ ಪತ್ರ ಬರೆದುಕೊಡುವುದಿಲ್ಲ. ೨೦೦೧ರ ಡಿಸೆಂಬರಿನಲ್ಲಿ ವಾಮೆಯ್ ಎಂಬ ಬಿರುಗಾಳಿ ಸಿಂಗಪುರದ ಸಮೀಪ, ಸುಮಾರು ೧.೫ ಡಿಗ್ರಿ ಅಕ್ಷಾಂಶದಲ್ಲಿಯೇ ಎದ್ದಿತು. ೨೦೧೭ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಕನ್ಯಾಕುಮಾರಿಯ ಬಳಿ ಒಮ್ಮೆಲೆ ಬಲಗೊಂಡು ಕೇರಳ ತಮಿಳುನಾಡುಗಳ ಎಷ್ಟೋ ಮೀನುಗಾರರನ್ನು ನುಂಗಿತು. ಕಡಲು ಬಿಸಿಯಾಗುತ್ತಿರುವ ಈ ಕಾಲದಲ್ಲಿ ಹಳೆಯ ಪಂಚಾಂಗವೂ ಸಡಿಲಗೊಳ್ಳುತ್ತಿದೆ. ಮೇಲೆ ಹೇಳಿದ ಬೆರಿಲ್ ಜುಲೈ ೨ರ ಹೊತ್ತಿಗೆ ಐದನೆಯ, ಅಂದರೆ ಅತ್ಯಂತ ಉಗ್ರವಾದ ದರ್ಜೆಗೆ ಏರಿತು. ಅಟ್ಲಾಂಟಿಕ್ಕಿನಲ್ಲಿ ಅಷ್ಟು ಬೇಗ ಆ ದರ್ಜೆ ಮುಟ್ಟಿದ ಚಂಡಮಾರುತ ಹಿಂದೆ ದಾಖಲಾಗಿರಲಿಲ್ಲ. ಸಾಲದುದಕ್ಕೆ ಸಮಭಾಜಕದ ಬಳಿಗೆ ಅದರದೇ ಆದ ಕಾಟಗಳಿವೆ. ಪನಾಮಾ ದೇಶದ ಬೋಕಾಸ್ ಡೆಲ್ ಟೋರೋ ಸುಮಾರು ೯ ಡಿಗ್ರಿಯಲ್ಲಿದ್ದು ಚಂಡಮಾರುತಗಳ ಹಾದಿಯಿಂದ ದೂರ. ಆದರೆ ಅಲ್ಲಿ ಸಿಡಿಲು ವಿಪರೀತ, ಹಾಯಿಕಂಬವೆಂದರೆ ಸಿಡಿಲನ್ನು ಕರೆಯುವ ಕೈ. ಮಲಾಕಾ ಜಲಸಂಧಿಯಲ್ಲಿ ರಾತ್ರಿ ಸುಮಾತ್ರಾದ ಕಡೆಯಿಂದ ಹಠಾತ್ತನೆ ಬೀಸುವ ಬಿರುಗಾಳಿಗಳಿವೆ. ಮಲೇಷಿಯಾದ ಲಂಗಾವಿ ದ್ವೀಪ ೬ ಡಿಗ್ರಿಯ ಆಸುಪಾಸಿನಲ್ಲಿದ್ದು ದೋಣಿವಾಸಿಗಳಿಗೆ ಬಹು ಪ್ರಿಯವಾದ ನೆಲೆ. ೨೦೦೪ರ ಡಿಸೆಂಬರ್ ೨೬ರ ಸುನಾಮಿ ಅಲ್ಲಿಯ ಕಟ್ಟೆಗಳಿಗೆ ಕಟ್ಟಿದ್ದ ದೋಣಿಗಳನ್ನೂ ಬಿಡಲಿಲ್ಲ. ಆದರೂ ಸಿಡಿಲು ಒಂದು ದೋಣಿಯನ್ನು ಕೆಡಿಸಿದರೆ ಚಂಡಮಾರುತ ಇಡೀ ರೇವನ್ನು ಕೆಡಿಸುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಬುದ್ಧಿವಂತನು ಯಾವುದನ್ನು ಆರಿಸುವನೆಂದು ಹೇಳಬೇಕಾಗಿಲ್ಲ.

ಎರಡನೆಯ ಪ್ರಶ್ನೆ ನೆಲದ್ದು. ಚಿತ್ರಪಟಗಳಲ್ಲಿ ಕಾಣುವ ಹವಳದ ದ್ವೀಪ, ಬಿಳಿಯ ಮರಳು, ಸ್ಫಟಿಕದಂಥ ನೀರು ಇವೆಲ್ಲ ಕಣ್ಣಿಗೆ ಹಬ್ಬ. ಆದರೆ ಹವಳದ ಬಂಡೆಗೆ ಸಿಕ್ಕಿಕೊಂಡ ಸರಪಳಿ ಹವಳವನ್ನೂ ಕೊಲ್ಲುತ್ತದೆ, ಅಲೆ ಎದ್ದಾಗ ಜಗ್ಗಿ ತುಂಡಾಗಲೂಬಹುದು. ಬಂಡೆಯ ಮೇಲೆ ತೆಳುವಾಗಿ ಹರಡಿದ ಮರಳಿನಲ್ಲಿ ಲಂಗರು ನಾಟುವುದಿಲ್ಲ, ಹುಲ್ಲು ಬೆಳೆದ ನೆಲದಲ್ಲಿ ಜಾರುತ್ತದೆ. ಬಹುಕಾಲ ನಿಲ್ಲುವವನಿಗೆ ಬೇಕಾದುದು ಅಂಟುವ, ದಪ್ಪ, ಕಪ್ಪು ಕೆಸರು. ಅದು ನೋಡಲು ಚೆಂದವಲ್ಲ, ವಾಸನೆಯೂ ಹಿತವಲ್ಲ. ಆದರೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಹಿಂದಿನ ನಾವಿಕರು ಆಳ ಅಳೆಯುವ ಸೀಸದ ಗುಂಡಿನ ತಳಕ್ಕೆ ಕೊಬ್ಬು ಸವರಿ ಇಳಿಬಿಡುತ್ತಿದ್ದರು. ಗುಂಡು ಮೇಲೆ ಬಂದಾಗ ಅದಕ್ಕೆ ಅಂಟಿದ ಮರಳನ್ನೋ ಕೆಸರನ್ನೋ ಚಿಪ್ಪನ್ನೋ ನೋಡಿ ನೆಲದ ಗುಣ ತಿಳಿಯುತ್ತಿದ್ದರು. ಇಂದು ಯಂತ್ರ ಆಳವನ್ನು ಕ್ಷಣದಲ್ಲಿ ಹೇಳುತ್ತದೆ. ನೆಲದ ಗುಣವನ್ನು ಅಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ನಮ್ಮ ಮನೆಯ ಹಿರಿಯರು ಯಾವ ಹೊಸ ಜಾಗದ ಮಾತು ಬಂದರೂ ‘ಅಡಿಯಲ್ಲಿ ಏನುಂಟು?’ ಎಂದೇ ಮೊದಲು ಕೇಳುತ್ತಿದ್ದರು.

ನೆಲ ಒಳ್ಳೆಯದಾದರೂ ಹಗ್ಗ ಸಾಲದಿದ್ದರೆ ವ್ಯರ್ಥ. ಲಂಗರು ಹಿಡಿಯುವುದು ತನ್ನ ತೂಕದಿಂದಲ್ಲ, ನೆಲಕ್ಕೆ ಸಮಾನಾಂತರವಾದ ಎಳೆತದಿಂದ. ಎಳೆತ ಮೇಲ್ಮುಖವಾದೊಡನೆ ಅದು ಕಿತ್ತು ಬರುತ್ತದೆ. ಆದುದರಿಂದ ಆಳದ ಐದರಿಂದ ಏಳರಷ್ಟು ಸರಪಳಿ ಬಿಡಬೇಕೆಂಬುದು ರೂಢಿ. ಆಳವೆಂದರೆ ಈಗ ಕಾಣುವ ಆಳ ಮಾತ್ರವಲ್ಲ. ನೀರು ೫ ಮೀಟರ್, ಉಬ್ಬರಕ್ಕೆ ೧ ಮೀಟರ್, ನೀರಿನಿಂದ ದೋಣಿಯ ಮೂತಿಯ ಎತ್ತರ ೧ ಮೀಟರ್, ಒಟ್ಟು ೭. ಹಾಗಾದರೆ ಸರಪಳಿ ೩೫ರಿಂದ ೪೯ ಮೀಟರ್. ಅಷ್ಟು ಉದ್ದ ಬಿಟ್ಟ ದೋಣಿ ಗಾಳಿ ತಿರುಗಿದಂತೆ ದೊಡ್ಡ ವೃತ್ತವನ್ನು ಸುತ್ತುತ್ತದೆ. ಆ ವೃತ್ತದೊಳಗೆ ಬಂಡೆಯೂ ಇರಬಾರದು, ನೆರೆಯವನೂ ಇರಬಾರದು. ಇಂದಿನ ಗಾಳಿಗೆ ಮರೆಯಾಗಿರುವ ದಡ ನಾಳೆ ಗಾಳಿ ತಿರುಗಿದರೆ ಎದುರಿನ ಶತ್ರು. ಹಗಲಿನಲ್ಲಿ ನೋಡಿ ಮೆಚ್ಚಿದ ರೇವನ್ನು, ‘ನಡುರಾತ್ರಿ ಗಾಳಿ ಎದುರಿನಿಂದ ಬೀಸಿದರೆ ಎಲ್ಲಿಗೆ ಹೋಗುವೆ?’ ಎಂದು ಕೇಳಿಯೇ ಒಪ್ಪಬೇಕು.

ಈ ಎಲ್ಲ ಗುಣಗಳು ಕೂಡಿಬರುವುದು ಬಹುಮಟ್ಟಿಗೆ ನದಿಗಳಲ್ಲಿ. ಗ್ವಾಟೆಮಾಲಾ ದೇಶದ ರಿಯೋ ಡುಲ್ಸೆ ನದಿ ಇದಕ್ಕೆ ಒಳ್ಳೆಯ ಉದಾಹರಣೆ. ಅಕ್ಷಾಂಶದ ಲೆಕ್ಕದಲ್ಲಿ ಅದು ಚಂಡಮಾರುತದ ವಲಯದಲ್ಲಿಯೇ, ೧೫ ಡಿಗ್ರಿಗಿಂತ ಮೇಲೆ ಇದೆ. ಆದರೆ ಲಿವಿಂಗ್‌ಸ್ಟನ್ ಎಂಬ ಊರಿನ ಬಳಿ ಸಮುದ್ರವನ್ನು ಬಿಟ್ಟು ಸುಣ್ಣಕಲ್ಲಿನ ಕಡಿದಾದ ಕಣಿವೆಯಲ್ಲಿ ಹಾದು ಬಹುದೂರ ಒಳಗೆ ಹೋದರೆ, ಗುಡ್ಡಗಳ ಮರೆಯಲ್ಲಿ ಕಾಡು ಕವಿದ ಶಾಂತವಾದ ನೀರು. ಅಲ್ಲಿಗೆ ಸಮುದ್ರದ ಅಲೆ ಮುಟ್ಟುವುದಿಲ್ಲ, ಗಾಳಿಯ ಬಲ ಬರುವಷ್ಟರಲ್ಲಿ ಕುಗ್ಗಿರುತ್ತದೆ. ನದಿಯ ಬಾಯಲ್ಲಿ ಮಾತ್ರ ಉಬ್ಬರದಲ್ಲಿಯೂ ಸುಮಾರು ಎರಡು ಮೀಟರ್ ನೀರಿನ ಮರಳದಿಣ್ಣೆ ಇದೆ. ಆಳವಾದ ತಳದ ದೋಣಿಗಳನ್ನು ಒಂದು ಪಕ್ಕಕ್ಕೆ ವಾಲಿಸಿ ಎಳೆದು ದಾಟಿಸಬೇಕಾಗುತ್ತದೆ. ಒಳಗೆ ಸಿಹಿನೀರು ಇರುವುದರಿಂದ ದೋಣಿಯ ತಳಕ್ಕೆ ಅಂಟಿದ ಉಪ್ಪುನೀರಿನ ಚಿಪ್ಪುಗಳು ಸಾಯುತ್ತವೆ. ಸೆಕೆಯುಂಟು, ಸೊಳ್ಳೆಯುಂಟು, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಚಿತ್ರಪಟಕ್ಕೆ ಯೋಗ್ಯವಾದ ಮರಳಿನ ದಡ ಅಲ್ಲಿಲ್ಲ. ಆದರೂ ಪ್ರತಿವರ್ಷ ಕೆರಿಬಿಯನ್ನಿನ ಎಷ್ಟೋ ದೋಣಿಗಳು ಚಂಡಮಾರುತದ ತಿಂಗಳುಗಳನ್ನು ಅಲ್ಲಿ ಕಳೆಯುತ್ತವೆ.

ನಾಲ್ಕನೆಯದು ದಡ. ದಡವೆಂದರೆ ಮಣ್ಣಲ್ಲ, ಮನುಷ್ಯರು. ಒಂದು ರಾತ್ರಿ ನಿಲ್ಲುವವನಿಗೆ ನೀರು ಸಾಕು. ಆರು ತಿಂಗಳು ನಿಲ್ಲುವವನಿಗೆ ಸಂತೆ ಬೇಕು, ವೈದ್ಯರು ಬೇಕು, ಸಣ್ಣ ದೋಣಿಯನ್ನು ಕಟ್ಟಿ ಇಳಿಯಲು ಮೆಟ್ಟಿಲು ಬೇಕು, ಆ ದೇಶದ ಸರಕಾರದ ಅನುಮತಿ ಬೇಕು. ಕಳ್ಳತನದ ಭಯ ಎಲ್ಲ ಕಡೆಯಲ್ಲಿಯೂ ಉಂಟು. ಅದಕ್ಕಾಗಿಯೇ ಬಲ್ಲವರು ರಾತ್ರಿ ಸಣ್ಣ ದೋಣಿಯನ್ನೂ ಅದರ ಯಂತ್ರವನ್ನೂ ಮೇಲಕ್ಕೆ ಎತ್ತಿ ಕಟ್ಟುತ್ತಾರೆ. ಆದರೆ ದಡದವರನ್ನು ಕಳ್ಳರೆಂದೇ ನೋಡುವವನಿಗೆ ಯಾವ ಬೀಗವೂ ಸಾಲದು. ಅಲ್ಲಿಯ ಬೆಸ್ತನ ಬಲೆಗೆ ಅಡ್ಡವಾಗದಂತೆ ನಿಂತು, ಅಂಗಡಿಯವನಿಂದ ಅಕ್ಕಿ ಕೊಂಡು, ಕೊಳೆಯನ್ನು ರೇವಿಗೆ ಸುರಿಯದೆ ಇರುವವನ ದೋಣಿಯನ್ನು ಊರೇ ಕಾಯುತ್ತದೆ.

ಜನರೇ ಇಲ್ಲದ ದಡ ಎಲ್ಲಕ್ಕಿಂತ ಸುರಕ್ಷಿತವೆಂದು ಕೆಲವರು ಹೇಳುವುದುಂಟು. ಹಿಂದೂ ಮಹಾಸಾಗರದ ನಡುವೆ ಛಾಗೋಸ್ ದ್ವೀಪಸಮೂಹದ ಸಾಲೋಮನ್ ಎಂಬ ಹವಳದ ಬಳೆ ಸುಮಾರು ೫ ಡಿಗ್ರಿ ದಕ್ಷಿಣದಲ್ಲಿದೆ. ಚಂಡಮಾರುತ ಅಪರೂಪ, ನೀರು ಶಾಂತ, ತೆಂಗು ಧಾರಾಳ. ಒಂದು ಕಾಲದಲ್ಲಿ ದೋಣಿವಾಸಿಗಳು ಅಲ್ಲಿ ತಿಂಗಳುಗಟ್ಟಲೆ ನಿಂತು ಅದನ್ನು ಸ್ವರ್ಗವೆಂದು ಹೊಗಳಿದರು. ಆದರೆ ಆ ದಡ ನಿರ್ಜನವಾದುದು ದೈವಸಂಕಲ್ಪದಿಂದಲ್ಲ. ಡಿಯೆಗೋ ಗಾರ್ಸಿಯಾದಲ್ಲಿ ಸೈನಿಕ ನೆಲೆ ಕಟ್ಟುವುದಕ್ಕಾಗಿ ಅರವತ್ತರ ದಶಕದ ಕೊನೆಯಿಂದ ೧೯೭೩ರವರೆಗೆ ಆ ದ್ವೀಪಗಳ ಮೂಲ ನಿವಾಸಿಗಳನ್ನೆಲ್ಲ ಹೊರಗೆ ಕಳುಹಿಸಲಾಯಿತು. ಅವರ ಮನೆ, ಇಗರ್ಜಿ, ಸಮಾಧಿಗಳ ಅವಶೇಷಗಳ ನಡುವೆ ತೆಂಗಿನಕಾಯಿ ಆರಿಸಿಕೊಳ್ಳುವವನು, ‘ಇದು ಎಷ್ಟು ಶಾಂತವಾದ ರೇವು!’ ಎನ್ನುವ ಮುನ್ನ ಒಂದು ಗಳಿಗೆ ಯೋಚಿಸಬೇಕು. ಮನೆ ಕಳೆದುಕೊಂಡವರ ಅಂಗಳದಲ್ಲಿ ಮನೆ ಹೂಡುವುದು ಸುರಕ್ಷಿತವಾಗಿರಬಹುದು. ಯೋಗ್ಯವೆಂದು ನನಗೆ ತೋರುವುದಿಲ್ಲ.

ಇಷ್ಟೆಲ್ಲ ದೂರದ ಮಾತಾಯಿತು. ನಮ್ಮ ಕರಾವಳಿಯ ಹಿರಿಯರು ಈ ವಿಷಯದಲ್ಲಿ ಏನು ತಿಳಿದಿದ್ದರು ಎಂಬುದನ್ನೂ ನೋಡಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತ ನೇರವಾಗಿ ನಮ್ಮ ದಡಕ್ಕೆ ಬೀಸುತ್ತದೆ. ಕಾಳಿ, ಅಘನಾಶಿನಿ, ಶರಾವತಿಗಳಂಥ ನದಿಗಳ ಒಳಗೆ ಕೆಸರಿನ ನೆಲವೂ ಕಾಂಡ್ಲಾದ ಮರೆಯೂ ಇವೆ. ಆದರೆ ಅಳಿವೆಯ ಬಾಗಿಲಿನ ಮರಳದಿಣ್ಣೆಯ ಮೇಲೆ ಅಲೆ ಒಡೆಯುವಾಗ ಒಳಗಿದ್ದವನು ಹೊರಗೆ ಹೋಗಲಾರ, ಹೊರಗಿದ್ದವನು ಒಳಗೆ ಬರಲಾರ. ಅಂಥ ಬಾಗಿಲಿನಲ್ಲಿ ದೋಣಿ ಮಗುಚಿದ ಸುದ್ದಿ ನಮಗೆ ಹೊಸದಲ್ಲ. ಕಾರವಾರವೊಂದು ವಿಶೇಷ: ಗುಡ್ಡದ ಚಾಚು ಮತ್ತು ದ್ವೀಪಗಳ ಮರೆಯಿರುವ ಸ್ವಾಭಾವಿಕ ಬಂದರು ಅದು. ೨೦೧೯ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಬಂದಾಗ ಹೊರರಾಜ್ಯಗಳ ಮೀನುಗಾರಿಕೆ ದೋಣಿಗಳೂ ಅಲ್ಲಿ ಆಶ್ರಯ ಪಡೆದವು. ಅದರ ಸಮೀಪದ ಅಂಜದೀವ ದ್ವೀಪದಲ್ಲಿ ೧೪೯೮ರಲ್ಲಿ ವಾಸ್ಕೋ ಡ ಗಾಮಾ ತನ್ನ ಹಡಗುಗಳ ತಳ ಶುಚಿಮಾಡಿಸಿದ್ದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು.

ಆದರೆ ನಮ್ಮ ಹಿರಿಯರು ಮಳೆಗಾಲಕ್ಕೆ ಒಳ್ಳೆಯ ಲಂಗರನ್ನು ಹುಡುಕಲಿಲ್ಲ. ಅವರು ಮಳೆಗಾಲದಲ್ಲಿ ಲಂಗರನ್ನೇ ಇಳಿಸಲಿಲ್ಲ. ಮೋಡ ಕಟ್ಟುವ ಮುನ್ನ ದೋಣಿ ಮಚವೆಗಳನ್ನು ದಡಕ್ಕೆ ಏರಿಸಿ, ಮೀನೆಣ್ಣೆ ಸವರಿ, ತೆಂಗಿನ ಮಡಲು ಹೊದಿಸಿ, ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸುವವರೆಗೆ ಕಾಯುತ್ತಿದ್ದರು. ಇಂದಿಗೂ ಯಾಂತ್ರಿಕ ಮೀನುಗಾರಿಕೆಗೆ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನಗಳ ನಿಷೇಧವುಂಟು. ಅದರ ಮುಖ್ಯ ಉದ್ದೇಶ ಮೀನಿನ ಸಂತತಿಯ ರಕ್ಷಣೆಯಾದರೂ ಹಳೆಯ ಪಂಚಾಂಗದ ನೆರಳು ಅದರಲ್ಲಿ ಕಾಣುತ್ತದೆ. ಹೊರದೇಶದ ದೋಣಿವಾಸಿಗಳೂ ಬಹಳ ನಷ್ಟ ಅನುಭವಿಸಿ ಇಲ್ಲಿಗೇ ಬಂದು ಮುಟ್ಟುತ್ತಿದ್ದಾರೆ. ಟ್ರಿನಿಡಾಡ್ ದ್ವೀಪದ ಚಾಗ್ವಾರಾಮಸ್‌ನಲ್ಲಿ ಆ ತಿಂಗಳುಗಳಲ್ಲಿ ಎಷ್ಟೋ ದೋಣಿಗಳನ್ನು ನೆಲಕ್ಕೆ ಎತ್ತಿ ನಿಲ್ಲಿಸುತ್ತಾರೆ. ಫಿಜಿ ದೇಶದ ವುಂಡಾ ಎಂಬಲ್ಲಿ ನೆಲದಲ್ಲಿ ಗುಂಡಿ ತೋಡಿ ದೋಣಿಯ ಕೆಳಚಾಚನ್ನು ಅದರೊಳಗಿಳಿಸಿ, ಒಡಲು ನೆಲಕ್ಕೆ ಸಮೀಪವಿರುವಂತೆ ಬಿಗಿದು ಕಟ್ಟುತ್ತಾರೆ. ನಮ್ಮ ಹಿರಿಯರು ಇದನ್ನು ಕಂಡಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಮಡಲು ಹೊದಿಸಲು ಮರೆತಿರೆಂದು ಹೇಳುತ್ತಿದ್ದರೇನೋ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ‘ಋತುವಿಗೆ ತಕ್ಕಂತೆ ಸಾವಿರ ಮೈಲಿ ಓಡುವುದಕ್ಕೂ, ದೋಣಿಯನ್ನು ದಡಕ್ಕೆ ಏರಿಸುವುದಕ್ಕೂ ಹಣ ಬೇಕು, ಬಡ ದೋಣಿವಾಸಿ ಏನು ಮಾಡಬೇಕು?’ ಎಂದು. ಆಕ್ಷೇಪಣೆ ನ್ಯಾಯವಾದುದೇ. ಆದರೆ ಹಣವುಳ್ಳವನ ದೋಣಿ ಹೋದರೆ ವಿಮಾ ಕಂಪನಿ ಇನ್ನೊಂದನ್ನು ಕೊಡುತ್ತದೆ. ಎಷ್ಟೋ ವಿಮಾ ಪತ್ರಗಳು ಚಂಡಮಾರುತದ ತಿಂಗಳುಗಳಲ್ಲಿ ಇಂತಿಷ್ಟು ಅಕ್ಷಾಂಶದ ಹೊರಗಿರಬೇಕೆಂದು ಷರತ್ತು ಹಾಕುವುದೂ ಇದೇ ಕಾರಣದಿಂದ. ವಿಮೆಯಿಲ್ಲದ ಬಡವನಿಗೆ ದೋಣಿಯೇ ಮನೆ, ದೋಣಿಯೇ ಉಳಿತಾಯ, ದೋಣಿಯೇ ಮುಪ್ಪಿನ ಊರುಗೋಲು. ಒಂದು ರಾತ್ರಿಯಲ್ಲಿ ಅವೆಲ್ಲ ಹೋದರೆ ಅವನು ಪರದೇಶದ ದಡದಲ್ಲಿ ಉಟ್ಟ ಬಟ್ಟೆಯಲ್ಲಿ ನಿಲ್ಲುತ್ತಾನೆ. ಆದುದರಿಂದ ಪಂಚಾಂಗ ನೋಡುವುದು ಶ್ರೀಮಂತನಿಗಿಂತ ಬಡವನಿಗೆ ಹೆಚ್ಚು ಅವಶ್ಯಕ. ಅವನು ಒಂದು ವರ್ಷದ ಓಡಾಟವನ್ನು ಬಿಟ್ಟರೂ ಚಿಂತೆಯಿಲ್ಲ. ವರ್ಷವಿಡೀ ನಿಲ್ಲಬಹುದಾದ ಅಕ್ಷಾಂಶಕ್ಕೆ ಒಮ್ಮೆ ಹೋಗಿ ಅಲ್ಲಿಯೇ ನಿಲ್ಲಲಿ.

ನಮ್ಮ ಕರಾವಳಿಯ ತಾಲ್ಲೂಕುಗಳಿಂದ ಬಂದ ಮಿತ್ರರು ಈ ಕಾಲೇಜಿನಲ್ಲಿ ಕಡಮೆಯಿಲ್ಲ. ೨೦೧೭-೧೮ರಲ್ಲಿ ಭಾರತೀಯ ನೌಕಾಪಡೆಯ ಆರು ಮಂದಿ ಮಹಿಳೆಯರು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಜಗತ್ತನ್ನೇ ಸುತ್ತಿ ಬಂದಿದ್ದಾರೆ. ನಮ್ಮಲ್ಲಿಯೂ ಯಾರಾದರೂ ಮುಂದೆ ದೋಣಿಯನ್ನು ಮನೆ ಮಾಡಿಕೊಂಡರೆ ಆಶ್ಚರ್ಯವೇನು? ಅಂಥವರು ಪುಸ್ತಕದಲ್ಲಿ ಒಳ್ಳೆಯ ರೇವುಗಳ ಪಟ್ಟಿಯನ್ನು ಹುಡುಕುವ ಮುನ್ನ ತಮ್ಮ ಊರಿನ ಮುದುಕರನ್ನು ಎರಡು ಪ್ರಶ್ನೆ ಕೇಳಲಿ: ‘ಯಾವ ತಿಂಗಳಲ್ಲಿ ದೋಣಿ ಏರಿಸುತ್ತಿದ್ದಿರಿ? ಯಾವ ಖಾರಿಯಲ್ಲಿ ಕಟ್ಟುತ್ತಿದ್ದಿರಿ, ಏಕೆ?’ ಆ ಖಾರಿಗಳ ಹೆಸರುಗಳನ್ನು ಬರೆದಿಟ್ಟುಕೊಳ್ಳಲಿ. ಅಘನಾಶಿನಿಯ ಅಳಿವೆ ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿರುವುದು ಸಂತೋಷದ ಸಂಗತಿ. ಆದರೆ ಪಟ್ಟಿಗೆ ಸೇರದ ಸಣ್ಣ ಖಾರಿಗಳು ನೂರಾರಿವೆ. ಅವುಗಳ ಕಾಂಡ್ಲಾವನ್ನು ಕಡಿದು, ಕೆಸರನ್ನು ಮಣ್ಣು ತುಂಬಿ ಮುಚ್ಚಿದರೆ, ಬಿರುಗಾಳಿಯ ದಿನ ಸಣ್ಣ ದೋಣಿಯವನು ಹೆಸರಾದ ಒಂದೇ ಬಂದರಿಗೆ ಎಲ್ಲರೊಡನೆ ನುಗ್ಗಬೇಕಾಗುತ್ತದೆ. ಅಲ್ಲಿ ಏನಾಗುತ್ತದೆಂಬುದನ್ನು ಕುಲೇಬ್ರಾದ ಕೊಲ್ಲಿ ೧೯೮೯ರಲ್ಲಿಯೇ ಹೇಳಿದೆ.